ಫೋನಿನಲ್ಲಿ ಯಾರಾದರೂ ಇಣುಕುತ್ತಿದ್ದಾರಾ? ನೀವೇ ಕೂತು ಪತ್ತೆ ಮಾಡುವ ವಿಧಾನ

ಫೋನ್ ಬಿಸಿಯಾಗುತ್ತಿದೆ, ಬ್ಯಾಟರಿ ಬೇಗ ಇಳಿಯುತ್ತಿದೆ, ಅಂದಮೇಲೆ ಯಾರೋ ಕದ್ದು ನೋಡುತ್ತಿದ್ದಾರೆ. ಹೆಚ್ಚಿನವರ ಅನುಮಾನ ಶುರುವಾಗೋದು ಇಲ್ಲಿಂದಲೇ. ಆದರೆ ಮೂರು ವರ್ಷದ ಹಳೇ ಬ್ಯಾಟರಿ, ಏಪ್ರಿಲ್ ತಿಂಗಳ ರಾಯಚೂರು ಬಿಸಿಲು, ಬೆಳಗಿನಿಂದ ರಾತ್ರಿವರೆಗೆ ರೀಲ್ಸ್ ಇದ್ದರೆ ಎಂಥ ಫೋನೂ ಕಾಯುತ್ತದೆ. ಬಿಸಿ ಮುಟ್ಟಿ ನೋಡಿ ಸ್ಪೈವೇರ್ (ಫೋನಿನೊಳಗೆ ಕೂತು ಕದ್ದು ನೋಡುವ ಆಪ್) ಹಿಡಿಯೋಕೆ ಆಗೋದಿಲ್ಲ. ಅದು ಸಿಕ್ಕಿಬೀಳೋದು ಬೇರೆ ಕಡೆ. ನಿಮ್ಮ ಮೆಸೇಜ್ ಓದಬೇಕು, ಮಾತು ಕೇಳಬೇಕು, ಜಾಗ ತಿಳಿಯಬೇಕು ಅಂದರೆ ಅದಕ್ಕೆ ಕೆಲವು ಪರ್ಮಿಷನ್‌ಗಳು ಬೇಕೇ ಬೇಕು. ಯಾರಿಗೆ ಯಾವ ಪರ್ಮಿಷನ್ ಕೊಟ್ಟಿದೆ ಅನ್ನೋದನ್ನು ಫೋನ್ ತಾನೇ ಪಟ್ಟಿ ಮಾಡಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಗಳನ್ನು ಒಂದೊಂದಾಗಿ ತೆರೆದು ಓದಿದರೆ ಮುಕ್ಕಾಲು ಕೆಲಸ ಮುಗಿದಂತೆ. ಯಾವ ಆಪನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ.

ಯಾರು ನೋಡುತ್ತಿರಬಹುದು?

ಪೆಗಾಸಸ್ ಅನ್ನೋ ಇಸ್ರೇಲಿ ಸ್ಪೈವೇರ್ ಹೆಸರು ಕೇಳಿ ಕೇಳಿ ಸ್ಪೈವೇರ್ ಅಂದರೆ ಇಸ್ರೇಲ್, ಸರ್ಕಾರ, ದೊಡ್ಡ ದೊಡ್ಡ ಕುಳಗಳ ವಿಷಯ ಅಂತ ನಮಗೆಲ್ಲ ಅನಿಸಿಬಿಟ್ಟಿದೆ. ಸಾಮಾನ್ಯರ ಫೋನಿನ ಮೇಲೆ ಅಷ್ಟು ದುಡ್ಡು ಯಾರೂ ಸುರಿಯುವುದಿಲ್ಲ. ನಮ್ಮ ನಿಮ್ಮಂಥವರ ಮಟ್ಟಿಗೆ ಮುಖ್ಯವಾಗಿ ಎರಡು ದಾರಿ. ಒಂದು, ನಿಮ್ಮ ಲಾಕ್ ಪ್ಯಾಟರ್ನ್ ಗೊತ್ತಿರುವ, ನಿಮ್ಮ ಫೋನ್ ಹತ್ತು ನಿಮಿಷ ಕೈಗೆ ಸಿಗುವ ಮನುಷ್ಯ. ಗಂಡ, ಹೆಂಡತಿ, ಮುರಿದುಹೋದ ಸಂಬಂಧದವರು, ಜೊತೆಯಲ್ಲಿ ರೂಮ್ ಮಾಡಿಕೊಂಡಿದ್ದವರು, ಯಾರೂ ಆಗಿರಬಹುದು. ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆಪ್ ಹಾಕುವ ಫೈಲ್. ಮದುವೆ ಕರೆಯೋಲೆ, ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೀಗೆ ನಾನಾ ವೇಷದಲ್ಲಿ ಬರುತ್ತದೆ. ಮೊದಲನೆಯವರಿಗೆ ನಿಮ್ಮ ಬದುಕು ಬೇಕು, ಎರಡನೆಯವರಿಗೆ ನಿಮ್ಮ ಒಟಿಪಿ ಬೇಕು. ಇಬ್ಬರನ್ನೂ ಹುಡುಕುವ ಜಾಗ ಹೆಚ್ಚುಕಮ್ಮಿ ಒಂದೇ.

ಕೈ ಹಾಕುವ ಮುಂಚೆ

ಅನುಮಾನ ಮನೆಯವರ ಮೇಲೇ ಇದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ. ಕೆಲವು ಆಪ್‌ಗಳು ನೀವು ಟೈಪ್ ಮಾಡಿದ್ದು, ತೆರೆದದ್ದು ಎಲ್ಲವನ್ನೂ ಆ ಕಡೆಗೆ ಕಳಿಸುತ್ತವೆ. ನೀವು ಆಪ್ ಕಿತ್ತು ಹಾಕಿದ ಕ್ಷಣ ಅವರಿಗೆ ಗೊತ್ತಾಗುತ್ತದೆ. ಜಗಳ ಹೊಡೆತದ ಮನೆಯಲ್ಲಿ ಇದು ಸುಮ್ನೆ ಮಾತಲ್ಲ. ಹಾಗಾಗಿ ಸಹಾಯ ಹುಡುಕುವುದು, ಯಾರ ಜೊತೆಗಾದರೂ ಮಾತಾಡುವುದು ಎಲ್ಲ ಬೇರೆ ಫೋನಿನಿಂದ ಆಗಲಿ. ಅಕ್ಕನದ್ದೋ, ಗೆಳತಿಯದ್ದೋ, ಆಫೀಸಿನ ಕಂಪ್ಯೂಟರೋ ಇರುತ್ತದಲ್ವಾ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಇನ್ನೊಂದು ವಿಷಯ. ಏನಾದರೂ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆಯಬೇಡಿ, ಬೇರೆ ಫೋನಿನಿಂದ ಪರದೆಯ ಫೋಟೋ ತೆಗೆಯಿರಿ. ಸ್ಕ್ರೀನ್‌ಶಾಟ್ ಗೂಗಲ್ ಫೋಟೋಸ್‌ಗೆ ಹೋಗಿ ಕೂರಬಹುದು. ಆ ಖಾತೆಯ ಕೀಲಿ ಅವರ ಬಳಿಯೂ ಇದ್ದರೆ ಸಾಕ್ಷಿಯನ್ನು ನೀವೇ ಅವರಿಗೆ ತೋರಿಸಿದ ಹಾಗಾಯಿತು.

ಕೆಳಗೆ ಹೇಳುವ ದಾರಿಗಳು ಆಂಡ್ರಾಯ್ಡ್‌ಗೆ. ಸ್ಯಾಮ್‌ಸಂಗ್, ರೆಡ್ಮಿ, ವಿವೋ ಒಂದೊಂದರಲ್ಲಿ ಮೆನು ಒಂದೊಂದು ಕಡೆ ಇರುತ್ತದೆ. ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸೆಟ್ಟಿಂಗ್ಸ್‌ನಲ್ಲಿ ಮೇಲೆ ಇರುವ ಸರ್ಚ್‌ನಲ್ಲಿ ಆ ಹೆಸರು ಹಾಕಿ.

ಹಂತ 1: ಬೀಗ ಯಾರ ಬೆರಳಿಗೆ ತೆರೆಯುತ್ತದೆ?

ಸೆಟ್ಟಿಂಗ್ಸ್‌ನಲ್ಲಿ ಫಿಂಗರ್‌ಪ್ರಿಂಟ್ ತೆರೆಯಿರಿ. ಅಲ್ಲಿ ಎಷ್ಟು ಬೆರಳಚ್ಚು ಇವೆ? ನೀವು ಕೊಟ್ಟಿದ್ದು ಎರಡು, ಪಟ್ಟಿಯಲ್ಲಿ ಮೂರು ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಯಾವುದು ಯಾರದ್ದು ಗೊತ್ತಾಗದಿದ್ದರೆ ಎಲ್ಲ ಅಳಿಸಿ ನಿಮ್ಮದನ್ನು ಹೊಸದಾಗಿ ಹಾಕಿ. ಫೇಸ್ ಅನ್‌ಲಾಕ್‌ಗೂ ಇದೇ ಮಾತು. ಪ್ಯಾಟರ್ನ್ ಬಿಟ್ಟು ಆರು ಅಂಕಿಯ ಪಿನ್ ಇಡಿ. ಪ್ಯಾಟರ್ನ್ ಅನ್ನು ಪಕ್ಕದಲ್ಲಿ ಕೂತವರು ಒಂದು ಸಲ ನೋಡಿದರೂ ನೆನಪಿಟ್ಟುಕೊಳ್ಳುತ್ತಾರೆ. ಮಗಳ ಹುಟ್ಟಿದ ದಿನ, ಗಾಡಿ ನಂಬರ್ ದಯವಿಟ್ಟು ಬೇಡ.

ಹಂತ 2: ಆಪ್ ಹುಡುಕುವ ಮುಂಚೆ ಖಾತೆ ನೋಡಿ

ಇದನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ. ನನ್ನ ಪ್ರಕಾರ ಮೊದಲು ಮಾಡಬೇಕಾದ್ದೇ ಇದು. ಎಷ್ಟೋ ಸಲ ಫೋನಿನಲ್ಲಿ ಸ್ಪೈವೇರ್ ಇರೋದೇ ಇಲ್ಲ. ನಿಮ್ಮ ಗೂಗಲ್ ಖಾತೆಯೋ ವಾಟ್ಸ್‌ಆ್ಯಪೋ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಆರಾಮಾಗಿ ತೆರೆದಿರುತ್ತದೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆಯಿರಿ. ನಮ್ಮ ಕಡೆ ಹೊಸ ಫೋನ್ ತಂದರೆ ಅದನ್ನು ಸಿದ್ಧ ಮಾಡಿಕೊಡುವುದು ಯಾರು? ಮೊಬೈಲ್ ಅಂಗಡಿ ಹುಡುಗ, ಇಲ್ಲವೇ ಅಕ್ಕನ ಮಗ. ಅಜ್ಜಿಗೆ ಜೀಮೇಲ್ ಇಲ್ಲ ಅಂತ ಅವನು ತನ್ನದೇ ಜೀಮೇಲ್ ಹಾಕಿ ಕೊಟ್ಟಿರುತ್ತಾನೆ. ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಆದರೆ ಕಾಂಟ್ಯಾಕ್ಟ್ಸ್, ಬ್ಯಾಕಪ್, ಕೆಲವೊಮ್ಮೆ ಫೋಟೋಗಳು ಕೂಡ ಅವನ ಖಾತೆಗೆ ಹೋಗುತ್ತಿರುತ್ತವೆ. ಫೋನ್ ಎಲ್ಲಿದೆ ಅಂತಲೂ ಅವನು ತನ್ನ ಮನೆಯಿಂದಲೇ ನೋಡಬಹುದು. ನಿಮ್ಮದಲ್ಲದ ಐಡಿ ಕಂಡರೆ, ಕಾಂಟ್ಯಾಕ್ಟ್‌ಗಳನ್ನು ಬೇರೆ ಕಡೆ ಉಳಿಸಿಕೊಂಡು, ಆಮೇಲೆ ಅದನ್ನು ತೆಗೆಯಿರಿ.

ನಂತರ ಸೆಟ್ಟಿಂಗ್ಸ್, ಗೂಗಲ್, ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್, ಸೆಕ್ಯೂರಿಟಿ. ಅಲ್ಲಿ ಯುವರ್ ಡಿವೈಸಸ್ ಅಂತ ಇದೆ. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ, ಕೊನೆಯ ಬಾರಿ ಯಾವಾಗ ಬಳಕೆಯಾಯಿತು ಎಲ್ಲ ಬರೆದಿರುತ್ತದೆ. ಗೊತ್ತಿಲ್ಲದ್ದನ್ನು ಸೈನ್ ಔಟ್ ಮಾಡಿ. ಅದೇ ಪುಟದಲ್ಲಿ ರಿಕವರಿ ಫೋನ್, ರಿಕವರಿ ಇಮೇಲ್ ನೋಡಿ. ಅಲ್ಲಿ ಬೇರೆಯವರ ನಂಬರ್ ಇದ್ದರೆ ನೀವು ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವರು ಮತ್ತೆ ಒಳಗೆ ಬರುತ್ತಾರೆ. ಟೂ ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಮೂರು ಚುಕ್ಕಿ ಒತ್ತಿ ಲಿಂಕ್ಡ್ ಡಿವೈಸಸ್ ತೆರೆಯಿರಿ. ಒಂದು ಖಾತೆಗೆ ನಾಲ್ಕು ಸಾಧನಗಳವರೆಗೆ ಸೇರಿಸಬಹುದು, ನಿಮ್ಮ ಫೋನ್ ಆಫ್ ಆಗಿದ್ದರೂ ಅವು ನಡೆಯುತ್ತವೆ. ಪಟ್ಟಿಯಲ್ಲಿ ‘ಗೂಗಲ್ ಕ್ರೋಮ್, ವಿಂಡೋಸ್, ಇವತ್ತು ಬೆಳಗಿನ ಜಾವ 2:10’ ಅಂತ ಇದೆ, ನಿಮ್ಮ ಮನೆಯಲ್ಲಿ ಲ್ಯಾಪ್‌ಟಾಪೇ ಇಲ್ಲ ಅಂದರೆ ಇನ್ನೇನು ಹೇಳಬೇಕು? ಮೊದಲು ಫೋಟೋ ತೆಗೆಯಿರಿ, ಆಮೇಲೆ ಲಾಗ್ ಔಟ್.

ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಷನ್ ಶೇರಿಂಗ್, ಗೂಗಲ್ ಫೋಟೋಸ್‌ನಲ್ಲಿ ಪಾರ್ಟ್‌ನರ್ ಶೇರಿಂಗ್ ಕೂಡ ಒಮ್ಮೆ ತೆರೆದು ನೋಡಿ. ಜೀಮೇಲ್ ಬೇರೆಯವರಿಗೆ ಫಾರ್ವರ್ಡ್ ಆಗುತ್ತಿದೆಯಾ ಅನ್ನೋದನ್ನು ಕಂಪ್ಯೂಟರಿನಲ್ಲಿ ಜೀಮೇಲ್ ಸೆಟ್ಟಿಂಗ್ಸ್ ತೆರೆದು ನೋಡಬೇಕು.

ಹಂತ 3: ಪ್ಲೇ ಪ್ರೊಟೆಕ್ಟ್

ಪ್ಲೇ ಸ್ಟೋರ್ ತೆರೆದು, ಮೇಲಿನ ನಿಮ್ಮ ಫೋಟೋ ಒತ್ತಿ, ಪ್ಲೇ ಪ್ರೊಟೆಕ್ಟ್‌ಗೆ (ಕೆಟ್ಟ ಆಪ್ ಹಿಡಿಯೋಕೆ ಗೂಗಲ್ ಇಟ್ಟಿರುವ ಕಾವಲು) ಹೋಗಿ ಸ್ಕ್ಯಾನ್ ಕೊಡಿ. ಸ್ಕ್ಯಾನ್ ಏನು ಹೇಳುತ್ತದೆ ಅನ್ನೋದಕ್ಕಿಂತ ಅದು ಆನ್ ಇದೆಯಾ ಅನ್ನೋದೇ ದೊಡ್ಡ ಸುಳಿವು. ಗೂಢಚಾರಿ ಆಪ್ ಹಾಕುವವರು ಮೊದಲು ಮಾಡುವ ಕೆಲಸವೇ ಇದನ್ನು ಆಫ್ ಮಾಡೋದು. ನೀವು ಆಫ್ ಮಾಡಿಲ್ಲ, ಆದರೂ ಆಫ್ ಆಗಿದೆ ಅಂದರೆ ಯಾರೋ ಕೈಯಾಡಿಸಿದ್ದಾರೆ.

ಹಂತ 4: ಪೂರ್ತಿ ಆಪ್ ಪಟ್ಟಿ

ಹೋಮ್ ಸ್ಕ್ರೀನ್ ಮೇಲೆ ಐಕಾನ್ ಇಲ್ಲ ಅಂದರೆ ಆಪ್ ಇಲ್ಲ ಅಂತಲ್ಲ. ಇಂಥ ಆಪ್‌ಗಳು ಇನ್‌ಸ್ಟಾಲ್ ಆದ ಕೂಡಲೇ ಐಕಾನ್ ಬಚ್ಚಿಟ್ಟುಕೊಳ್ಳುತ್ತವೆ. ಸೆಟ್ಟಿಂಗ್ಸ್, ಆಪ್ಸ್, ಸೀ ಆಲ್ ಆಪ್ಸ್ ಗೆ ಹೋಗಿ ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿ. ಸಿಸ್ಟಮ್ ಸರ್ವಿಸ್, ಸಿಂಕ್ ಸರ್ವಿಸ್, ಡಿವೈಸ್ ಹೆಲ್ತ್, ಅಪ್‌ಡೇಟ್ ಸರ್ವಿಸ್ ಅಂತ ಸಭ್ಯವಾದ ಹೆಸರು ಇಟ್ಟುಕೊಂಡಿರುತ್ತವೆ. ತೊಂದರೆ ಏನೆಂದರೆ, ಇದೇ ಥರದ ಹೆಸರಿನ ನಿಜವಾದ ಆಪ್‌ಗಳೂ ಫೋನಿನಲ್ಲಿ ಇರುತ್ತವೆ. ಹೆಸರು ನೋಡಿ ಹೆದರಿ ಸಿಕ್ಕಿದ್ದೆಲ್ಲ ಅಳಿಸಿದರೆ ಫೋನೇ ಹಾಳಾದೀತು.

ಬೇರ್ಪಡಿಸೋಕೆ ಒಂದು ಸುಲಭದ ದಾರಿ ಇದೆ. ಅನುಮಾನದ ಆಪ್ ಒತ್ತಿ ಅದರ ಪುಟದ ಕೆಳತುದಿಗೆ ಇಳಿಯಿರಿ. ಅಲ್ಲಿ ಆಪ್ ಡೀಟೇಲ್ಸ್ ಅಂತ ಇದ್ದು, ಅದು ಎಲ್ಲಿಂದ ಬಂತು ಅಂತ ಬರೆದಿರುತ್ತದೆ. ಗೂಗಲ್ ಪ್ಲೇ ಸ್ಟೋರ್ ಅಥವಾ ನಿಮ್ಮ ಫೋನ್ ಕಂಪನಿಯ ಸ್ಟೋರ್ ಆದರೆ ಅನುಮಾನ ಕಡಿಮೆ. ಪ್ಯಾಕೇಜ್ ಇನ್‌ಸ್ಟಾಲರ್ ಅಂತ ಇದ್ದರೆ ಯಾರೋ ಫೈಲ್ ಇಳಿಸಿಕೊಂಡು ಕೈಯಾರೆ ಹಾಕಿದ್ದಾರೆ ಅಂತ ಅರ್ಥ.

ಪರಿಚಯದ ರೈತರೊಬ್ಬರ ಫೋನಿನಲ್ಲಿ ನಾನು ನೋಡಿದ್ದು ಹೀಗಿತ್ತು. ಹೋಮ್ ಸ್ಕ್ರೀನ್‌ನಲ್ಲಿ ಏನೂ ಇಲ್ಲ. ಪಟ್ಟಿಯಲ್ಲಿ ಮಾತ್ರ ‘ಪಿಎಂ ಕಿಸಾನ್’ ಅಂತ ಒಂದು ಹೆಸರು, ಪಕ್ಕದಲ್ಲಿ ಆಂಡ್ರಾಯ್ಡ್‌ನ ಹಸಿರು ಬೊಂಬೆಯ ಸಾದಾ ಐಕಾನ್. ಪರ್ಮಿಷನ್ಸ್ ತೆರೆದರೆ ಕ್ಯಾಮೆರಾ ಇಲ್ಲ, ಮೈಕ್ ಇಲ್ಲ, ಲೊಕೇಷನ್ ಇಲ್ಲ. ಇದ್ದದ್ದು ಎರಡೇ, ಎಸ್ಎಂಎಸ್ ಮತ್ತು ಫೋನ್. ಕಂತಿನ ದುಡ್ಡು ಬಂತಾ ಅಂತ ತೋರಿಸೋ ಆಪ್‌ಗೆ ಎಸ್ಎಂಎಸ್ ಓದುವ, ಕಳಿಸುವ ಅಧಿಕಾರ ಯಾಕೆ ಬೇಕು? ಬ್ಯಾಂಕಿನ ಒಟಿಪಿ ಬಂದ ಹಾಗೇ ಆ ಕಡೆಗೆ ದಾಟಿಸೋಕೆ. ಪುಣ್ಯಕ್ಕೆ ಅವರ ಖಾತೆಯಲ್ಲಿ ಆ ಹೊತ್ತಿಗೆ ದುಡ್ಡು ಇರಲಿಲ್ಲ.

ಹಂತ 5: ವಿಶೇಷ ಅಧಿಕಾರಗಳು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಸಮಯ ಕಡಿಮೆ ಇದ್ದರೆ ಎರಡನೇ ಹಂತ ಮತ್ತು ಇದನ್ನಾದರೂ ಮಾಡಿ.

ಮೊದಲು ಆಕ್ಸೆಸಿಬಿಲಿಟಿ. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಸಹಾಯ ಆಗಲಿ ಅಂತ ಮಾಡಿದ ಸೌಲಭ್ಯ. ಪರದೆಯ ಮೇಲಿನದ್ದನ್ನು ಓದಿ ಹೇಳಬೇಕು, ಅವರ ಬದಲಿಗೆ ಬಟನ್ ಒತ್ತಬೇಕು. ಅದೇ ಶಕ್ತಿ ಕಳ್ಳನ ಕೈಗೆ ಸಿಕ್ಕರೆ ಅವನೂ ನಿಮ್ಮ ಪರದೆ ಓದುತ್ತಾನೆ, ನಿಮ್ಮ ಬದಲಿಗೆ ಬಟನ್ ಒತ್ತುತ್ತಾನೆ. ವಾಟ್ಸ್‌ಆ್ಯಪ್‌ನ ಗೂಢಲಿಪಿ ಎಷ್ಟೇ ಗಟ್ಟಿಯಾಗಿದ್ದರೂ ಪರದೆಯ ಮೇಲೆ ಬಂದ ಮೇಲೆ ಅಕ್ಷರ ಅಕ್ಷರವೇ ತಾನೇ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಡೌನ್‌ಲೋಡೆಡ್ ಆಪ್ಸ್ ಅಥವಾ ಇನ್‌ಸ್ಟಾಲ್ಡ್ ಆಪ್ಸ್ ತೆರೆಯಿರಿ. ಹೆಚ್ಚಿನವರ ಫೋನಿನಲ್ಲಿ ಅಲ್ಲಿ ಯಾವುದೂ ಆನ್ ಇರಬೇಕಾಗಿಲ್ಲ. ಆನ್ ಇರುವ ಪ್ರತಿಯೊಂದಕ್ಕೂ ‘ಇದನ್ನು ನಾನೇ ಯಾಕೆ ಆನ್ ಮಾಡಿದೆ’ ಅನ್ನೋದಕ್ಕೆ ಉತ್ತರ ಇರಬೇಕು.

ಆಂಡ್ರಾಯ್ಡ್ 13ರಿಂದ ಈಚೆಗೆ, ಹೊರಗಿನ ಫೈಲಿನಿಂದ ಹಾಕಿದ ಆಪ್‌ಗೆ ಈ ಅಧಿಕಾರ ಸುಲಭಕ್ಕೆ ಸಿಗುವುದಿಲ್ಲ. ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ ಅಂತ ತಡೆಯುತ್ತದೆ. ಅದಕ್ಕೇ ಮೋಸಗಾರರು ಫೋನಿನಲ್ಲಿ ಮಾತಾಡುತ್ತಲೇ ‘ಮೂರು ಚುಕ್ಕಿ ಒತ್ತಿ ಸರ್, ಅಲೌ ಕೊಡಿ ಸರ್’ ಅಂತ ಆ ತಡೆಯನ್ನು ನಿಮ್ಮ ಕೈಯಿಂದಲೇ ತೆಗೆಸುತ್ತಾರೆ. ಹಾಗೆ ಯಾರಾದರೂ ಹೇಳಿದ್ದು ನೆನಪಾದರೆ ನೇರ ‘ಸಿಕ್ಕರೆ ತೆಗೆಯೋದು ಹೇಗೆ?’ ಭಾಗಕ್ಕೆ ಹೋಗಿ.

ಎರಡನೆಯದು ಡಿವೈಸ್ ಅಡ್ಮಿನ್ ಆಪ್ಸ್, ಸೆಕ್ಯೂರಿಟಿ ಮೆನುವಿನಲ್ಲಿ ಇರುತ್ತದೆ. ಅಲ್ಲಿ ಕಳೆದ ಫೋನ್ ಹುಡುಕುವ ಗೂಗಲ್‌ನ ಫೈಂಡ್ ಹಬ್ ಇದ್ದರೆ ಸರಿ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ, ಆಫೀಸ್ ಮೇಲ್ ಫೋನಿನಲ್ಲಿದೆ ಅಂದರೆ ಕಂಪನಿಯ ಆಪ್ ಕೂಡ ಅಲ್ಲಿರುತ್ತದೆ, ಅದು ಸಹಜ. ಮಿಕ್ಕ ಯಾವುದಿದ್ದರೂ ಕೇಳಿ ತಿಳಿಯಿರಿ. ಆಪ್ ಅಳಿಸೋಕೆ ಹೋದಾಗ ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಕಾರಣ ಹೆಚ್ಚಾಗಿ ಇದೇ. ಮೊದಲು ಇಲ್ಲಿ ಡಿಆಕ್ಟಿವೇಟ್ ಮಾಡಬೇಕು.

ಮೂರನೆಯದು ಸ್ಪೆಷಲ್ ಆಪ್ ಆಕ್ಸೆಸ್. ಇದರೊಳಗೆ ನೋಟಿಫಿಕೇಷನ್ ಆಕ್ಸೆಸ್ ನೋಡಿ. ಇದಿದ್ದವರು ನಿಮಗೆ ಬರುವ ಎಲ್ಲ ಮೆಸೇಜ್‌ನ ಮೊದಲ ಸಾಲುಗಳನ್ನು ಓದಬಹುದು. ವಾಚ್ ಕಟ್ಟುವವರ ಫೋನಿನಲ್ಲಿ ವಾಚ್‌ನ ಆಪ್ ಅಲ್ಲಿರೋದು ಮಾಮೂಲು. ಇನ್‌ಸ್ಟಾಲ್ ಅನ್‌ನೋನ್ ಆಪ್ಸ್ ಅಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲದಕ್ಕೂ ಆಫ್ ಮಾಡಿಬಿಡಿ. ಎಪಿಕೆ ಬರುವ ಬಾಗಿಲು ಇವೇ.

ಹಾಗೇ ಎನಿಡೆಸ್ಕ್, ಟೀಮ್‌ವ್ಯೂವರ್ ಥರ ದೂರದಿಂದಲೇ ನಿಮ್ಮ ಪರದೆ ನೋಡಲು ಬಿಡುವ ಆಪ್ ಇದೆಯಾ ನೋಡಿ. ಇವು ಸ್ಪೈವೇರ್ ಅಲ್ಲ, ಒಳ್ಳೆಯ ಕೆಲಸಕ್ಕೇ ಮಾಡಿದವು. ಆದರೆ ಕಸ್ಟಮರ್ ಕೇರ್ ಅಂತ ಹೇಳಿಕೊಂಡು ಇವನ್ನು ಹಾಕಿಸಿ ದುಡ್ಡು ಎಗರಿಸುವುದು ಹಳೇ ಆಟ. 2019ರಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಹಂತ 6: ಕರೆಗಳು ಬೇರೆ ಕಡೆ ತಿರುಗುತ್ತಿವೆಯಾ?

*#21# ಒತ್ತಿದರೆ ಫೋನ್ ಟ್ಯಾಪ್ ಆಗಿದೆಯಾ ಗೊತ್ತಾಗುತ್ತದೆ ಅನ್ನೋ ವೀಡಿಯೊ ನೀವೂ ನೋಡಿರುತ್ತೀರಿ. ಅದು ಸುಳ್ಳು. ಆ ಕೋಡ್ ಹೇಳೋದು ಕಾಲ್ ಫಾರ್ವರ್ಡಿಂಗ್ ವಿಷಯ ಮಾತ್ರ, ಕದ್ದಾಲಿಕೆಗೂ ಅದಕ್ಕೂ ಸಂಬಂಧ ಇಲ್ಲ. *401# ಒತ್ತಿಸಿ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳುವ ಮೋಸ ಜಾಸ್ತಿಯಾದಾಗ, 2024ರ ಏಪ್ರಿಲ್ 15ರಿಂದ ಇಂಥ ಕೋಡ್‌ಗಳ ಮೂಲಕ ಕಾಲ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ಹಾಗಾಗಿ ಕೋಡ್ ನಂಬಿ ಕೂರಬೇಡಿ. ಡಯಲರ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ನೋಡಿ. ಬಿಝಿ ಇದ್ದಾಗ, ಎತ್ತದಿದ್ದಾಗ ವಾಯ್ಸ್‌ಮೇಲ್ ನಂಬರಿಗೆ ಹೋಗುವುದು ತೊಂದರೆ ಇಲ್ಲ. ‘ಆಲ್ವೇಸ್’ ಎದುರು ಗೊತ್ತಿಲ್ಲದ ನಂಬರ್ ಇದ್ದರೆ ತಕ್ಷಣ ಆಫ್ ಮಾಡಿ.

ಆಂಡ್ರಾಯ್ಡ್ 12ರಿಂದ ಪ್ರೈವೆಸಿ ಡ್ಯಾಶ್‌ಬೋರ್ಡ್ ಇದೆ. ಕಳೆದ 24 ಗಂಟೆಯಲ್ಲಿ ಮೈಕ್, ಕ್ಯಾಮೆರಾ, ಲೊಕೇಷನ್ ಯಾರು ಬಳಸಿದರು ಅಂತ ಗಂಟೆಗಂಟೆ ಲೆಕ್ಕ ಕೊಡುತ್ತದೆ. ನೀವು ಮಲಗಿದ್ದ ಹೊತ್ತಿನಲ್ಲಿ ಮೈಕ್ ಓಡಿದೆಯಾ ನೋಡಿ, ಸಾಕು.

ಐಫೋನ್ ಇದ್ದವರಿಗೆ

ಐಫೋನಿಗೆ ಹೊರಗಿನ ಆಪ್ ತುರುಕುವುದು ಕಷ್ಟ. ಹಾಗಾಗಿ ಇಣುಕುವವರು ಹೆಚ್ಚಾಗಿ ಬಳಸೋದು ಆ್ಯಪಲ್ ಖಾತೆಯ ಪಾಸ್‌ವರ್ಡನ್ನೇ. ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ನಿಮ್ಮ ಹೆಸರು ಒತ್ತಿ ಕೆಳಗಿಳಿದರೆ ಖಾತೆ ಬಳಸುವ ಸಾಧನಗಳ ಪಟ್ಟಿ ಸಿಗುತ್ತದೆ. ಜನರಲ್‌ನಲ್ಲಿ ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್ ತೆರೆದು, ಕಂಪನಿಯದ್ದಲ್ಲದ ಪ್ರೊಫೈಲ್ ಇದೆಯಾ ನೋಡಿ. ಫೇಸ್ ಐಡಿ ಪುಟದಲ್ಲಿ ಇನ್ನೊಂದು ಮುಖ ಸೇರಿಸುವ ಆಯ್ಕೆ ಕಾಣದಿದ್ದರೆ ಎರಡನೇ ಮುಖ ಆಗಲೇ ಸೇರಿದೆ ಅಂತ. ನಿಮ್ಮದಲ್ಲದಿದ್ದರೆ ರೀಸೆಟ್ ಮಾಡಿ. ಐಒಎಸ್ 16ರಿಂದ ಪ್ರೈವೆಸಿ ಮೆನುವಿನಲ್ಲಿ ಸೇಫ್ಟಿ ಚೆಕ್ ಇದೆ. ಯಾರ ಜೊತೆ ಏನು ಹಂಚಿಕೊಂಡಿದ್ದೀರಿ ಅಂತ ಒಂದೇ ಕಡೆ ತೋರಿಸಿ ಕತ್ತರಿಸಲೂ ಬಿಡುತ್ತದೆ. ಇಂಥದ್ದು ಆಂಡ್ರಾಯ್ಡ್‌ನಲ್ಲೂ ಒಂದೇ ಕಡೆ ಇರಬೇಕಿತ್ತು.

ಸಿಕ್ಕರೆ ತೆಗೆಯೋದು ಹೇಗೆ?

ಎಪಿಕೆ ಮೋಸ ಆದರೆ ಮೊದಲು ಏರೋಪ್ಲೇನ್ ಮೋಡ್, ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ. ದುಡ್ಡು ಹೋಗಿದ್ದರೆ ಅದೇ ಉಸಿರಿನಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930. ತಡ ಮಾಡಿದಷ್ಟೂ ದುಡ್ಡು ಕೈಯಿಂದ ಕೈಗೆ ದಾಟುತ್ತದೆ.

ನಂತರ ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಎರಡನ್ನೂ ಆಫ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ. ಕೆಲವು ಹಠಮಾರಿ ಆಪ್‌ಗಳು ನೀವು ಆ ಪುಟ ತೆರೆದ ಕೂಡಲೇ ಹಿಂದಕ್ಕೆ ತಳ್ಳುತ್ತವೆ. ಆಗ ಸೇಫ್ ಮೋಡ್‌ಗೆ ಹೋಗಿ. ಪವರ್ ಮೆನು ತಂದು, ಪವರ್ ಆಫ್ ಅನ್ನೋದನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳು ಸೇಫ್ ಮೋಡ್ ಕೇಳುತ್ತವೆ. ಅಲ್ಲಿ ಹೊರಗಿನ ಆಪ್‌ಗಳು ಓಡುವುದಿಲ್ಲ, ಅಳಿಸುವುದು ಸುಲಭ.

ಅಷ್ಟಕ್ಕೂ ಸಮಾಧಾನ ಆಗದಿದ್ದರೆ, ಪೊಲೀಸ್ ದೂರಿನ ಯೋಚನೆಯೂ ಇಲ್ಲದಿದ್ದರೆ ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡೋದು. ಫೋಟೋ, ಕಾಂಟ್ಯಾಕ್ಟ್ಸ್ ಉಳಿಸಿಕೊಳ್ಳಿ. ಹಳೇ ಬ್ಯಾಕಪ್‌ನಿಂದ ಆಪ್‌ಗಳನ್ನು ವಾಪಸ್ ತರಬೇಡಿ, ಪ್ಲೇ ಸ್ಟೋರ್‌ನಿಂದ ಒಂದೊಂದಾಗಿ ಹಾಕಿ. ಪಾಸ್‌ವರ್ಡ್‌ಗಳನ್ನು ಶುದ್ಧವಾದ ಸಾಧನದಿಂದಲೇ ಬದಲಿಸಿ. ಸ್ಪೈವೇರ್ ಇರುವ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದನ್ನು ಅವರ ಕೈಗೇ ಕೊಟ್ಟ ಹಾಗೆ. ‘ಸ್ಪೈ ರಿಮೂವರ್’ ಅಂತ ಜಾಹೀರಾತಿನಲ್ಲಿ ಬರುವ ಆಪ್‌ಗಳ ಗೊಡವೆಗೆ ಹೋಗಬೇಡಿ. ಅವುಗಳಲ್ಲಿ ಕೆಲವು ಬೇಲಿಯೇ ಎದ್ದು ಹೊಲ ಮೇಯುವ ಜಾತಿಯವು.

ಪೆಗಾಸಸ್ ಮಟ್ಟದ್ದಾದರೆ?

ಪತ್ರಕರ್ತರು, ಹೋರಾಟಗಾರರು, ವಕೀಲರು, ರಾಜಕಾರಣಿಗಳಿಗೆ ಮಾತ್ರ ಈ ಭಾಗ. ಇಂಥ ಸ್ಪೈವೇರ್ ಮೇಲಿನ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಪೆಗಾಸಸ್ ತನಿಖೆಗೆ 2021ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿಯ ಮೇಲ್ವಿಚಾರಣೆ ನಮ್ಮ ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರದ್ದಾಗಿತ್ತು. ಸಮಿತಿ 29 ಫೋನ್ ಪರೀಕ್ಷಿಸಿತು. ಐದರಲ್ಲಿ ಯಾವುದೋ ಮಾಲ್‌ವೇರ್ ಸಿಕ್ಕಿತು, ಆದರೆ ಅದು ಪೆಗಾಸಸ್ಸೇ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ತಜ್ಞರ ಪಾಡೇ ಹೀಗಿರುವಾಗ, 500 ರೂಪಾಯಿಗೆ ಪೆಗಾಸಸ್ ತೆಗೆದುಕೊಡ್ತೀನಿ ಅನ್ನುವವರ ಮಾತು ಕೇಳಬೇಡಿ.

ಇಂಥ ಸ್ಪೈವೇರ್‌ನ ಗುರುತು ಹುಡುಕೋಕೆ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನವರು ಮಾಡಿದ ಮೊಬೈಲ್ ವೆರಿಫಿಕೇಷನ್ ಟೂಲ್‌ಕಿಟ್ ಉಚಿತವಾಗಿ ಸಿಗುತ್ತದೆ, ಆದರೆ ಕಂಪ್ಯೂಟರಿನ ಕಮಾಂಡ್ ಗೊತ್ತಿರುವವರು ಬೇಕು. ಆ್ಯಪಲ್‌ನಿಂದ ಎಚ್ಚರಿಕೆ ಬಂದಿದೆ ಅಂತ ಸಂದೇಶ ಬಂದರೆ ಅದರಲ್ಲಿ ಲಿಂಕ್ ಒತ್ತಲು ಹೇಳಿದೆಯಾ ನೋಡಿ. ಹೇಳಿದ್ದರೆ ಅದು ನಕಲಿ. ಅಸಲಿಯಾದರೆ ನೀವೇ ಆ್ಯಪಲ್ ಖಾತೆಗೆ ಲಾಗಿನ್ ಆದಾಗ ಮೇಲ್ಗಡೆ ಅದೇ ಎಚ್ಚರಿಕೆ ಕಾಣುತ್ತದೆ. 2023ರ ಅಕ್ಟೋಬರ್ ಕೊನೆಯಲ್ಲಿ ದೇಶದ ಹಲವು ವಿರೋಧ ಪಕ್ಷದ ನಾಯಕರಿಗೆ ಬಂದದ್ದು ಇಂಥದ್ದೇ ಎಚ್ಚರಿಕೆ. ಅಪಾಯ ಇರುವವರು ಐಫೋನಿನಲ್ಲಿ ಲಾಕ್‌ಡೌನ್ ಮೋಡ್, ಆಂಡ್ರಾಯ್ಡ್ 16ರಲ್ಲಿ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಆನ್ ಮಾಡಿಕೊಳ್ಳಿ. ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಿ, ಅಪ್‌ಡೇಟ್ ಬಂದ ದಿನವೇ ಹಾಕಿ.

ದೂರು ಕೊಡುವುದಾದರೆ

ಗಂಡ ಹೆಂಡತಿ ಮಧ್ಯೆ ಇದೆಲ್ಲ ಇದ್ದದ್ದೇ ಅಂತ ಠಾಣೆಯಲ್ಲಿ ಯಾರಾದರೂ ಸಾಗಹಾಕಲು ನೋಡಿದರೆ ಒಪ್ಪಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಲ್ಲಿ. ಅನುಮತಿ ಇಲ್ಲದೆ ಮೋಸದಿಂದ ಇನ್ನೊಬ್ಬರ ಫೋನಿನೊಳಗೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ರ ಅಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ಹೆಣ್ಣುಮಗಳ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರಲ್ಲಿ ಬರುತ್ತದೆ.

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಬಹುದು, ಇಲ್ಲವೇ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ದೂರು ಕೊಡುವ ಯೋಚನೆ ಇದ್ದರೆ ಫ್ಯಾಕ್ಟರಿ ರೀಸೆಟ್ ಮಾಡಬೇಡಿ, ಸಾಕ್ಷಿ ಅಳಿಸಿಹೋಗುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ, ಬೇರೆ ಫೋನಿನಲ್ಲಿ ತೆಗೆದ ಪರದೆಯ ಫೋಟೋಗಳ ಪ್ರಿಂಟ್, ಫೋನ್ ಕೊಂಡ ಬಿಲ್, ಯಾವ ದಿನ ಏನು ಕಂಡಿರಿ ಅಂತ ತಾರೀಖು ಹಾಕಿ ಬರೆದ ಒಂದು ಪುಟ ಜೊತೆಗೆ ಒಯ್ಯಿರಿ. ದೂರು ತೆಗೆದುಕೊಂಡ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ. ಫೋನ್ ಅವರ ವಶಕ್ಕೆ ಹೋಗುವುದಾದರೆ ಅದರ ರಸೀತಿಯಲ್ಲಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಸರಿಯಾಗಿ ಬರೆದಿದ್ದಾರಾ ನೋಡಿ.